ಗಾಜಿನಾಚೆಯ ಬೆರಳು

ನಾನು ವಿಮಾನ ಹಾರಿಸಲು ಕಲಿತವಳು. ಇಚಲಕರಂಜಿಯಲ್ಲಿ ಈ ಮಾತು ಹೇಳಿದರೆ ಎದುರಿಗಿದ್ದವರು ಮೊದಲು ನನ್ನ ತುಟಿ ನೋಡುತ್ತಾರೆ, ಆಮೇಲೆ ತಾವು ಸರಿಯಾಗಿ ಓದಿಕೊಂಡೆವೋ ಇಲ್ಲವೋ ಎಂದು ಅನುಮಾನಪಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಪವರ್‌ಲೂಮಿನ ಊರಿನಲ್ಲಿ ಮಾತು ಕಿವಿಗೆ ಬರುವ ಮೊದಲು ಕಣ್ಣಿಗೆ ಬರುತ್ತದೆ.

ನಮ್ಮ ಮನೆ ಮತ್ತು ಮಗ್ಗದ ಶೆಡ್ಡು ಒಂದೇ ಗೋಡೆಯ ಎರಡು ಬದಿ. ಅಜ್ಜ ರಬಕವಿ ಕಡೆಯಿಂದ ಕೈಮಗ್ಗ ಬಿಟ್ಟು ಇಲ್ಲಿಗೆ ಬಂದವರು. ಅಪ್ಪನ ಕಾಲಕ್ಕೆ ಕರೆಂಟಿನ ಮಗ್ಗಗಳು ಬಂದವು. ಹಗಲು ಪಾಳಿ ಮುಗಿಯುವಷ್ಟರಲ್ಲಿ ರಾತ್ರಿ ಪಾಳಿಯವರ ಸೈಕಲ್ಲುಗಳು ಬಾಗಿಲಲ್ಲಿ ನಿಂತಿರುತ್ತಿದ್ದವು. ಹಾಗಾಗಿ ಆ ಗದ್ದಲ ನಿಲ್ಲುತ್ತಿದ್ದದ್ದು ಕರೆಂಟು ಹೋದಾಗ ಮತ್ತು ವಾರದ ರಜೆಯಂದು ಮಾತ್ರ. ಅಡುಗೆಮನೆಯ ಡಬ್ಬಿಗಳು ಸದಾ ಸಣ್ಣಗೆ ನಡುಗುತ್ತಿದ್ದವು, ಅವ್ವ ಮಲಗುವ ಮುಂಚೆ ಅವನ್ನು ಮತ್ತೆ ಗೋಡೆಗೆ ಸರಿಸಿ ಇಡುತ್ತಿದ್ದಳು.

ಶೆಡ್ಡಿನಲ್ಲಿ ಕೂಗುವುದು ಹೊಸಬರ ಕೆಲಸ. ಪಳಗಿದವರು ಗಂಟಲನ್ನು ಬಳಸುವುದೇ ಇಲ್ಲ. ತುಟಿಯನ್ನು ಅಗಲವಾಗಿ ಆಡಿಸುತ್ತಾರೆ, ಉಳಿದದ್ದನ್ನು ಕೈ ಹೇಳುತ್ತದೆ. ಹೆಬ್ಬೆರಳು ಬಾಯಿಯ ಹತ್ತಿರ ಹೋದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿದರೆ ನೂಲು ಹರಿದಿದೆ. ತಲೆಯ ಮೇಲೆ ಅಂಗೈ ಇಟ್ಟರೆ ನೂಲಿನ ಸೇಠ್ ಬಂದಿದ್ದಾನೆ. ಯಾರಿಗಾದರೂ ಏನಾದರೂ ಕೇಳಿಸದೆ ಹೋದರೆ ಅವರ ಕಣ್ಣೆದುರಿಗಿದ್ದವನು ಬೆರಳೆತ್ತಿ ತಿಳಿಸಿಬಿಡಬೇಕು. ಹಾಗೆ ಮಾಡದವನ ಜೊತೆ ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ.

ಮನೆಯೊಳಗೂ ಇದೇ ರೀತಿ ನಡೆಯುತ್ತಿತ್ತು. ಅವ್ವ ನನ್ನನ್ನು ಹಿಂದಿನಿಂದ ಕರೆದದ್ದು ನೆನಪಿಲ್ಲ. ಹೆಗಲು ತಟ್ಟಿ, ನಾನು ತಿರುಗಿದ ಮೇಲೆ ಮಾತು ಶುರು ಮಾಡುತ್ತಿದ್ದಳು. ಕನ್ನಡದ ತುಟಿ, ಮರಾಠಿಯ ತುಟಿ ಎರಡೂ ನನಗೆ ಅಕ್ಷರಕ್ಕಿಂತ ಮೊದಲೇ ಬಂದವು. ಶಾಲೆಯಲ್ಲಿ ಮಾಸ್ತರು ಹಲಗೆಯ ಕಡೆ ಮುಖ ಮಾಡಿ ಹೇಳಿದ್ದೊಂದೂ ತಿಳಿಯುತ್ತಿರಲಿಲ್ಲ. ಅವರಿಗೇ ಪಾಠ ಬರುವುದಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನನ್ನ ಕಿವಿಯ ಬಗ್ಗೆ ಅನುಮಾನ ಬರುವಂಥದ್ದೇನೂ ಇರಲಿಲ್ಲ, ಯಾಕೆಂದರೆ ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಇದ್ದರು.

ವಿಮಾನದ ಹುಚ್ಚು ಹತ್ತಿದ್ದು ಗಡಹಿಂಗ್ಲಜದ ದಾರಿಯಲ್ಲಿ. ಅಲ್ಲಿ ಅವ್ವನ ತಮ್ಮನದು ಒಣಮೆಣಸಿನಕಾಯಿಯ ಅಡತಿ ಅಂಗಡಿ. ರಜೆಯಲ್ಲಿ ಕೊಲ್ಹಾಪುರಕ್ಕೆ ಹೋಗಿ ಅಲ್ಲಿಂದ ಎಸ್‌ಟಿ ಬಸ್ಸು ಹಿಡಿದರೆ, ಊರು ದಾಟುತ್ತಲೇ ಉಜಳಾಯಿವಾಡಿಯ ನಿಲ್ದಾಣದ ಕಡೆ ವಿಮಾನ ಇಳಿಯುವುದು ಒಮ್ಮೊಮ್ಮೆ ಕಾಣುತ್ತಿತ್ತು. ಅಷ್ಟು ದೊಡ್ಡ ಯಂತ್ರದ ಸದ್ದು ಇಷ್ಟೇನಾ ಎಂದು ನನಗೆ ಬೆರಗು. ಪಕ್ಕದಲ್ಲಿ ಕುಳಿತವರೆಲ್ಲ ಕಿವಿ ಮುಚ್ಚಿಕೊಂಡದ್ದನ್ನು ನಾನು ಗಮನಿಸಬೇಕಿತ್ತು.

ಹನ್ನೆರಡನೆಯ ತರಗತಿ ಮುಗಿದ ಮೇಲೆ, ಗಡಹಿಂಗ್ಲಜದ ಅಂಗಡಿಯಲ್ಲಿ ಕೂತು, ಪೈಲಟ್ ಆಗುತ್ತೇನೆ ಎಂದಾಗ ಅವ್ವ ನನ್ನ ತುಟಿ ನೋಡಿ, "ಇನ್ನೊಮ್ಮೆ ಹೇಳು," ಅಂದಳು. ಮಾಮಾ ಮಾತ್ರ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತಲೇ ಎದ್ದು ನಿಂತರು. "ನಮ್ಮ ಮನಿತನದಾಗ ಎಲ್ಲಾರೂ ನೆಲಾ ನೋಡ್ಕೋತನ ಸತ್ತಾರ. ಒಬ್ಬಾಕೀರ ಮ್ಯಾಲ ನೋಡ್ಲಿ ಬಿಡ ಅಕ್ಕಾ. ಫೀ ನನಗಿರ್ಲಿ," ಅಂದರು. ಅವರಿಗೆ ಗಂಡು ಮಕ್ಕಳೂ ಇದ್ದರು, ಅಷ್ಟೇ ದುಡ್ಡಿನಲ್ಲಿ ಇನ್ನೊಂದು ಗೋದಾಮು ಕಟ್ಟಬಹುದಿತ್ತು. ಆ ಮಾತನ್ನು ಅವರು ಒಂದು ದಿನವೂ ಎತ್ತಲಿಲ್ಲ, ಎತ್ತಿದ್ದರೆ ನಾನು ಹೋಗುತ್ತಲೂ ಇರಲಿಲ್ಲ.

ವಿಮಾನ ಮುಟ್ಟುವ ಮೊದಲು ಡಾಕ್ಟರಿಗೆ ಮೈ ತೋರಿಸಬೇಕು. ಕಣ್ಣು, ಹೃದಯ, ಎಲುಬು, ಕಿವಿ. ಪೈಲಟ್ ಆದವರು ಆಮೇಲೂ ಮೆಡಿಕಲ್ ಎಂಬ ಈ ತಪಾಸಣೆಯನ್ನು ವರ್ಷ ವರ್ಷ ಮಾಡಿಸಬೇಕು. ಅದು ತಪ್ಪಿದರೆ ಲೈಸೆನ್ಸು ಕೈಯಲ್ಲಿದ್ದೂ ಇಲ್ಲದ ಲೆಕ್ಕ. ಮೊದಲ ಸಲ ಕಿವಿಯ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಎತ್ತರದ ಸ್ವರದಲ್ಲಿ ತುಸು ಕಡಿಮೆ ಕೇಳುತ್ತದೆ. ಮಿತಿಯೊಳಗಿದೆ, ಚಿಂತೆಯಿಲ್ಲ. ಗದ್ದಲದಿಂದ ದೂರ ಇರಿ," ಎಂದರು. ಹೊರಗೆ ಬಂದು ನಾನು ನಕ್ಕೆ. ಗದ್ದಲದಿಂದ ದೂರ ಇರು ಎಂದರೆ ಇಚಲಕರಂಜಿಯವಳು ಎಲ್ಲಿಗೆ ಹೋಗಬೇಕು?

ಹಾರಾಟದ ಶಾಲೆ ಬೇರೆ ಜಿಲ್ಲೆಯಲ್ಲಿತ್ತು. ಹವಾಮಾನ, ದಿಕ್ಕು ನೋಡುವ ಶಾಸ್ತ್ರ, ವಾಯುಯಾನದ ಕಾನೂನು, ಎಂಜಿನ್ನು, ರೇಡಿಯೋ ಮಾತು ಎಂದು ಒಂದರ ಹಿಂದೊಂದು ಪರೀಕ್ಷೆ. ಹಾರಾಟದ ಇನ್ನೂರು ಗಂಟೆ ತುಂಬಿಸಲು ಮೋಡ ಸರಿಯುವುದನ್ನು, ವಿಮಾನ ರಿಪೇರಿಯಾಗುವುದನ್ನು, ನಮ್ಮ ಸರದಿ ಬರುವುದನ್ನು ಕಾಯಬೇಕು. ನಮ್ಮ ಗುರುಗಳು ವಾಯುಪಡೆಯಿಂದ ನಿವೃತ್ತರಾದವರು, ಮೀಸೆಯವರು. ಎರಡು ಸೀಟಿನ ವಿಮಾನದಲ್ಲಿ ಅವರು ಮಾತಾಡಿದಾಗಲೆಲ್ಲ ನನ್ನ ಮುಖ ತಾನಾಗಿ ಅವರ ಕಡೆ ತಿರುಗುತ್ತಿತ್ತು. "ಮೇರೇ ಮುಹ್ ಪರ್ ರನ್‌ವೇ ಹೈ ಕ್ಯಾ? ಬಾಹರ್ ದೇಖೋ!" ಎಂದು ಗದರುತ್ತಿದ್ದರು, ನನ್ನ ಮುಖದ ಮೇಲೆ ರನ್‌ವೇ ಇದೆಯಾ, ಹೊರಗೆ ನೋಡು ಎಂದು. ಮೀಸೆ ತುಟಿಯನ್ನು ಅರ್ಧ ಮುಚ್ಚಿದ್ದರಿಂದ ನೋಡಿದರೂ ಉಪಯೋಗವಾಗುತ್ತಿರಲಿಲ್ಲ. ಹೆಡ್‌ಫೋನಿನ ಸದ್ದನ್ನು ಕೊನೆಯ ತನಕ ತಿರುಗಿಸಿಕೊಳ್ಳುವುದನ್ನು ಅಲ್ಲಿಯೇ ಕಲಿತೆ. ಅದರಿಂದ ಎಲ್ಲ ಸರಿಹೋಯಿತು, ಕನಿಷ್ಠ ನಾನು ಹಾಗೆಂದುಕೊಂಡೆ.

ಒಬ್ಬಳೇ ಹಾರಿದ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಪಕ್ಕದ ಸೀಟು ಖಾಲಿ ಇತ್ತು. ಕೆಳಗೆ ಕಬ್ಬಿನ ಗದ್ದೆ ಇತ್ತು. ನಾನು ಜೋರಾಗಿ ನಕ್ಕೆ, ಅಷ್ಟು ಸುಖ ಆಮೇಲೆ ಸಿಕ್ಕಿಲ್ಲ.

ಲೈಸೆನ್ಸು ಬಂತು. ಮಾಮಾ ಅಂಗಡಿಯಲ್ಲಿ ಪೇಡೆ ಹಂಚಿದರು. ಆಮೇಲೆ ಬಂದದ್ದು ಕಾಯುವ ಕಾಲ. ಪೇಪರಿನಲ್ಲಿ ನೋಡಿದರೆ ವಿಮಾನ ಕಂಪನಿಗಳು ಹೊಸ ವಿಮಾನ ತರಿಸುತ್ತಲೇ ಇದ್ದವು, ದೇಶಕ್ಕೆ ಪೈಲಟ್‌ಗಳು ಸಾಲುವುದಿಲ್ಲ ಎಂದು ಯಾರಾದರೂ ಹೇಳುತ್ತಲೇ ಇದ್ದರು. ಆದರೆ ನನ್ನಂಥವರ ಕೈಯಲ್ಲಿದ್ದದ್ದು ಸಣ್ಣ ವಿಮಾನದ ಅನುಭವ. ಒಂದು ಕಂಪನಿ ತನ್ನದೇ ತರಬೇತಿಯಲ್ಲಿ ಕಲಿತವರನ್ನು ಮೊದಲು ತೆಗೆದುಕೊಳ್ಳುತ್ತಿತ್ತು. ಇನ್ನೊಂದು, ದೊಡ್ಡ ವಿಮಾನದ ತರಬೇತಿಯನ್ನು ಮೊದಲೇ ಮುಗಿಸಿ ಬನ್ನಿ ಎನ್ನುತ್ತಿತ್ತು. ಮತ್ತೊಂದು, ದೊಡ್ಡ ವಿಮಾನದಲ್ಲಿ ಹಾರಿದ ಅನುಭವವನ್ನೇ ಕೇಳುತ್ತಿತ್ತು. ಕೆಲಸ ಕೊಡದೆ ಆ ಅನುಭವ ಎಲ್ಲಿಂದ ಬರಬೇಕು ಎಂದು ನಾನು ಗೋಡೆಗೆ ಕೇಳುತ್ತಿದ್ದೆ. ಲಿಖಿತ ಪರೀಕ್ಷೆಗೆ ಕರೆಯುತ್ತಿದ್ದರು, ಬರೆದು ಬರುತ್ತಿದ್ದೆ, ಆಮೇಲೆ ಸುದ್ದಿಯೇ ಇರುತ್ತಿರಲಿಲ್ಲ.

ಊರಿನವರ ಪ್ರಶ್ನೆಗಳು ಮಾತ್ರ ತಪ್ಪದೆ ಬರುತ್ತಿದ್ದವು. "ಯಾವಾಗ ಹತ್ತಸ್ತಿ ನಮ್ಮನ್ನ ವಿಮಾನಾ?" ಎಂದು ಗಡಹಿಂಗ್ಲಜದ ಅಂಗಡಿಗೆ ಬಂದ ರೈತರೂ ಕೇಳುತ್ತಿದ್ದರು. ಮದುವೆಯ ಮಾತು ತಂದವರು, ಹುಡುಗಿ ಹಾರುವವಳಾದರೆ ಮನೆ ನೋಡುವವರು ಯಾರು ಎಂದರು. ಆರು ತಿಂಗಳು ಬಿಟ್ಟು ಅವರೇ, ಹುಡುಗಿ ಹಾರುವುದೇ ಇಲ್ಲವಲ್ಲ ಎಂದರು. ನನಗೆ ಸಿಟ್ಟು ಬೇಗ. ಅಂಥವರು ಬಂದರೆ ನಾನು ಎದ್ದು ಶೆಡ್ಡಿಗೆ ಹೋಗಿಬಿಡುತ್ತಿದ್ದೆ.

ನೇಕಾರರ ಮನೆಯಲ್ಲಿ ಸುಮ್ಮನೆ ಕೂತವರಿಲ್ಲ. ಮನೆಯಲ್ಲಿದ್ದೀಯೆಂದರೆ ಕಂಡಿಕೆ ಸುತ್ತು ಎಂದರ್ಥ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಇಡುವ ಆ ಸಣ್ಣ ಕಡ್ಡಿಗೆ ನೂಲು ಸುತ್ತುವ ಯಂತ್ರ ಶೆಡ್ಡಿನ ಮೂಲೆಯಲ್ಲಿರುತ್ತದೆ, ಬಾಣಂತಿಯೊಬ್ಬಳನ್ನು ಬಿಟ್ಟು ಉಳಿದ ಹೆಂಗಸರೆಲ್ಲ ಅದರ ಮುಂದೆ ಕೂತವರೇ. ಮೊದಲು ನಾನೂ ಅಲ್ಲಿ ಕೂತೆ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಮಗ್ಗಗಳ ನಡುವೆ ಓಡಾಡುವ ಕೆಲಸವೂ ನನ್ನದಾಯಿತು. ಮೊದಲ ದಿನ, ಹಾರಾಟದ ಶಾಲೆಯಲ್ಲಿ ಕೊಟ್ಟಿದ್ದ ಸ್ಪಂಜಿನ ಬಿರಡೆಗಳನ್ನು ಕಿವಿಗೆ ಇಟ್ಟುಕೊಂಡೇ ಒಳಗೆ ಹೋದೆ. ಅಪ್ಪ ನೋಡಿ ಮುಖ ಕಿವುಚಿದರು. ಅವರು ಬೈಯಲಿಲ್ಲ. ಮಗ್ಗದ ಕಟ್ಟಿಗೆಯ ಮೇಲೆ ನನ್ನ ಅಂಗೈ ಇಡಿಸಿ, ತುಟಿಯಲ್ಲಿ ಹೇಳಿದರು: "ಕಿವಿ ಮುಚ್ಚಿದ್ರ ಮಗ್ಗಾ ಹೇಳೂದು ಹ್ಯಾಂಗ ತಿಳೀತದ? ಲಾಳಿ ತಪ್ಪು ಹೊಡಿಯೂ ಮುಂಚೆ ಸಪ್ಪಳಾ ಬದಲಾಗ್ತದ."

ಅದು ಸುಳ್ಳಲ್ಲ. ಒಳ್ಳೆಯ ನೇಕಾರ ಅಷ್ಟು ಮಗ್ಗಗಳ ನಡುವೆ ನಿಂತು ಯಾವುದು ಕೆಡಲಿದೆ ಎಂದು ಸದ್ದಿನಿಂದಲೇ ಹೇಳುತ್ತಾನೆ. ಕಿವಿಗೆ ಅರಳೆ ಇಟ್ಟುಕೊಂಡವನಿಗೆ ನಮ್ಮಲ್ಲಿ ಯಾರೂ ಮಗ್ಗ ಒಪ್ಪಿಸುವುದಿಲ್ಲ. ಕೇಳಲೆಂದೇ ತೆರೆದಿಟ್ಟ ಕಿವಿಗಳು ಕೇಳುವುದನ್ನೇ ಬಿಡುತ್ತವೆ ಎಂಬುದು ನಮ್ಮವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮಾತಿಗೆ ತುಟಿ ಇದೆಯಲ್ಲ, ಮತ್ತೇನು ಬೇಕು? ನಾನು ಬಿರಡೆ ತೆಗೆದು ಕುರ್ತಾದ ಕಿಸೆಗೆ ಹಾಕಿಕೊಂಡೆ, ಕಾಯುತ್ತ ಕಾಯುತ್ತ ವರ್ಷಗಳು ಅಲ್ಲೇ ಕಳೆದವು.

ಕೊನೆಗೆ ಒಂದು ಕಂಪನಿ ಕರೆಯಿತು. ಲಿಖಿತ ಪರೀಕ್ಷೆ ಆಯಿತು, ಸಂದರ್ಶನ ಆಯಿತು, ನೆಲದ ಮೇಲೇ ವಿಮಾನ ಹಾರಿಸುವ ಯಂತ್ರದ ಪರೀಕ್ಷೆಯೂ ಆಯಿತು. ತೆಗೆದುಕೊಂಡಿದ್ದೇವೆ, ಈ ವರ್ಷದ ಮೆಡಿಕಲ್ ಮಾತ್ರ ಹೊಸದಾಗಿ ತನ್ನಿ, ಎಂದರು. ಅವ್ವ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕೂತುಬಿಟ್ಟಳು. ಮಾಮಾ ಫೋನಿನಲ್ಲಿ ಅತ್ತರು ಎಂದು ಅತ್ತೆ ಆಮೇಲೆ ಹೇಳಿದರು. ನನಗೆ ಕೆಮ್ಮಿದಂತೆ ಕೇಳಿಸಿತ್ತು. ಹಿಂದಿನ ವರ್ಷದ ಮೆಡಿಕಲ್‌ನಲ್ಲೇ ಡಾಕ್ಟರು ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ಕಾಗದದ ಗೀಟಿನ ಮೇಲೆ ಪೆನ್ನು ನಿಲ್ಲಿಸಿ, ಮಿತಿಯ ಅಂಚಿಗೆ ಬಂದಿದೆ ಎಂದಿದ್ದರು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಈ ಸಲ ಅವರು, ಕಿವಿಯ ಪರೀಕ್ಷೆಯನ್ನು ಕೊಲ್ಹಾಪುರದ ತಜ್ಞರ ಹತ್ತಿರ ಮಾಡಿಸಿಕೊಂಡು ಬಾ, ಎಂದರು.

ಅಪ್ಪ ತಾವೂ ಬರುತ್ತೇನೆಂದರು. ಬೇಡವೆಂದರೂ ಮೋಟಾರ್‌ಸೈಕಲ್ ಹೊರಗೆ ತೆಗೆದೇಬಿಟ್ಟರು. ಮೊಣಕಾಲು ನೋವಿನಲ್ಲೂ ಗಾಡಿ ಹೊಡೆಯುವುದನ್ನು ಅವರು ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯಿತ್ತು. ಒಳಗೆ ಹೋಗಿ ಬಾಗಿಲು ಹಾಕಿದರೆ ಎಂಥ ಮೌನವೆಂದರೆ, ನನ್ನ ಎದೆ ಬಡಿತ ನನಗೇ ತಿಳಿಯುತ್ತಿತ್ತು. ಪರೀಕ್ಷೆ ಮಾಡುವವಳು ನನ್ನ ವಯಸ್ಸಿನವಳೇ. ಕಿವಿಗೆ ಹೆಡ್‌ಫೋನು ತೊಡಿಸಿ, ಕೈಗೆ ಒಂದು ಗುಂಡಿ ಕೊಟ್ಟು, "ಆವಾಜ ಆಲಾ ಕೀ ದಾಬಾ. ಕಿತೀಹೀ ಬಾರೀಕ ಅಸಲಾ ತರೀ," ಎಂದಳು. ಎಷ್ಟೇ ಸಣ್ಣ ಸದ್ದಾದರೂ ಸರಿ, ಕೇಳಿದ ಕೂಡಲೇ ಒತ್ತಬೇಕು. ಆಕೆ ಹೊರಗೆ ಹೋಗಿ ಯಂತ್ರದ ಮುಂದೆ ಕುಳಿತಳು. ಅಪ್ಪನಿಗೆ ಬೇರೆಲ್ಲೂ ಕುರ್ಚಿ ಇರಲಿಲ್ಲವಾಗಿ ಆಕೆಯ ಬೆನ್ನ ಹಿಂದಿನ ಸ್ಟೂಲಿನ ಮೇಲೆ ಕುಳಿತರು. ಗಾಜಿನಾಚೆ ಅವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

ಮೊದಲು ದಪ್ಪ ಸ್ವರಗಳು ಬಂದವು. ಒತ್ತಿದೆ. ಆಮೇಲೆ ಸ್ವರ ತೆಳ್ಳಗಾಗುತ್ತ ಹೋಯಿತು, ಒತ್ತುತ್ತ ಹೋದೆ. ಆಮೇಲೆ ಏನೂ ಬರಲಿಲ್ಲ. ಪರೀಕ್ಷೆ ನಡುವೆ ನಿಂತಿದೆ ಎಂದುಕೊಂಡು ಕಣ್ಣೆತ್ತಿದರೆ ಅಪ್ಪನ ತೋರುಬೆರಳು ಮೇಲೆ ಎದ್ದಿತ್ತು.

ಒತ್ತಿದೆ. ಬೆರಳು ಇಳಿಯಿತು. ತುಸು ಹೊತ್ತಿಗೆ ಮತ್ತೆ ಎದ್ದಿತು, ಮತ್ತೆ ಒತ್ತಿದೆ. ಏನಾಗುತ್ತಿದೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಕೆ ಸ್ವರ ಬಿಟ್ಟಾಗಲೆಲ್ಲ ಯಂತ್ರದ ಮೇಲೆ, ಆಕೆಯ ಬದಿಗೆ, ಒಂದು ಸಣ್ಣ ದೀಪ ಹೊತ್ತುತ್ತಿತ್ತು. ಅಪ್ಪ ಅದನ್ನು ನೋಡಿ ನನಗೆ ಹೇಳುತ್ತಿದ್ದರು. ಅವರು ಕಳ್ಳತನ ಮಾಡುತ್ತಿರಲಿಲ್ಲ, ಆ ಮುಖದಲ್ಲಿ ಕಳ್ಳತನವೇ ಇರಲಿಲ್ಲ. ಮಗಳಿಗೆ ಕೇಳಿಸುತ್ತಿಲ್ಲ, ತನಗೆ ಕಾಣುತ್ತಿದೆ, ಹೇಳಬೇಕು, ಅಷ್ಟೇ. ಜೀವಮಾನವಿಡೀ ಶೆಡ್ಡಿನಲ್ಲಿ ಮಾಡಿಕೊಂಡು ಬಂದದ್ದನ್ನೇ ಇಲ್ಲಿಯೂ ಮಾಡುತ್ತಿದ್ದರು.

ಸುಳ್ಳು ಯಾಕೆ ಬರೆಯಲಿ, ಒತ್ತುತ್ತ ಹೋಗೋಣ ಅನಿಸಿತು. ಆಕೆ ಯಂತ್ರ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಇನ್ನು ನಾಲ್ಕು ಸಲ ಒತ್ತಿದ್ದರೆ ಗೀಟು ಮಿತಿಯೊಳಗೆ ನಿಲ್ಲುತ್ತಿತ್ತು. ಮಾಮಾ, ಅವ್ವ, ಅಂಗಡಿಗೆ ಬರುವ ರೈತರು, ಎಲ್ಲರಿಗೂ ಉತ್ತರ ಸಿಗುತ್ತಿತ್ತು. ಆಗ ನೆನಪಾದದ್ದು ಇಳಿಯುವ ಹೊತ್ತಿನ ರೇಡಿಯೋ. ಕೆಳಗಿನಿಂದ ಒಬ್ಬರು ಒಂದೇ ಸಲ ಹೇಳುತ್ತಾರೆ, ಈಗ ಇಳಿಯಬೇಡ ಎಂದು. ಅವರ ತುಟಿ ಕಾಣುವುದಿಲ್ಲ. ನನ್ನ ಬೆನ್ನ ಹಿಂದೆ ಸೀಟಿಗೆ ಪಟ್ಟಿ ಕಟ್ಟಿಕೊಂಡು ನಂಬಿ ಕೂತವರಿರುತ್ತಾರೆ.

ನಾನು ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಬಾಗಿಲು ತೆರೆದು, "ಪುನ್ಹಾ ಪಹಿಲ್ಯಾಪಾಸೂನ ಕರಾ, ಮಾಝಂ ಚುಕಲಂ," ಎಂದೆ. ನನ್ನದೇ ತಪ್ಪಾಗಿದೆ, ಮೊದಲಿನಿಂದ ಮಾಡಿ ಎಂದು. ಆಕೆ ಹುಬ್ಬೇರಿಸಿ, ಸರಿ ಎಂದಳು. ನಾನು ಅಪ್ಪನ ಕಡೆ ನೋಡಲಿಲ್ಲ. ಸದ್ದು ಹೀರುವ ಬಿಳಿ ಗೋಡೆಯ ಸಣ್ಣ ತೂತುಗಳನ್ನು ನೋಡುತ್ತ ಕುಳಿತೆ, ಕೇಳಿದ್ದಕ್ಕೆ ಒತ್ತಿದೆ. ನಡುನಡುವೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಬೆನ್ನ ಹಿಂದೆ ಗಾಜಿನಾಚೆ ಬೆರಳು ಏಳುತ್ತ ಇಳಿಯುತ್ತ ಇರುತ್ತದೆಂದು ಗೊತ್ತಿತ್ತು. ತಿರುಗಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ.

ಆಕೆ ಕಾಗದದ ಮೇಲಿನ ಗೀಟು ತೋರಿಸಿದಳು. ಅರ್ಧದ ತನಕ ನೆಟ್ಟಗೆ ಬಂದು, ಆಮೇಲೆ ಬಾವಿಗೆ ಇಳಿದ ಹಗ್ಗದಂತೆ ಕೆಳಗೆ ಹೋಗಿತ್ತು. "ಕಾರಖಾನ್ಯಾತ ಕಾಮ ಕರತಾ ಕಾ?" ಎಂದು ಕೇಳಿದಳು. ಕಾರ್ಖಾನೆಯಲ್ಲಿ ಕೆಲಸವಾ ಎಂದು. ಪೈಲಟ್ ಎಂದು ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ.

ಮುಂದಿನದು ಬೇಗ ಮುಗಿಯಿತು. ಡಾಕ್ಟರು ಆ ಗೀಟನ್ನು ನೋಡಿ, ಹಾರಲು ಅರ್ಹಳಲ್ಲ ಎಂದು ಬರೆದರು. ಮೇಲ್ಮನವಿ ಮಾಡಬಹುದು, ಆದರೆ ಸದ್ದು ಕೆಡಿಸಿದ ಕಿವಿ ತಿರುಗಿ ಬರುವುದಿಲ್ಲ ಎಂದು ಮೆತ್ತಗೆ ಹೇಳಿದರು. ಕಂಪನಿಯವರೂ ಮರ್ಯಾದೆಯಿಂದಲೇ ಮಾತಾಡಿದರು, ಆ ಜಾಗ ನನ್ನ ಹಿಂದಿದ್ದವರಿಗೆ ಹೋಯಿತು. ಈಗ ಕೊಲ್ಹಾಪುರದಲ್ಲಿ ಪೈಲಟ್ ಪರೀಕ್ಷೆಗೆ ಕೂರುವವರಿಗೆ ಹವಾಮಾನ ಕಲಿಸುತ್ತೇನೆ. ಕೆಲಸ ಸಿಗುತ್ತದಾ ಮ್ಯಾಡಮ್ ಎಂದು ಪ್ರತಿ ವರ್ಷ ಕೇಳುತ್ತಾರೆ. ಲೈಸೆನ್ಸು ಸಿಕ್ಕ ಮೇಲೆ ಎಷ್ಟು ಕಾಲ ಕಾಯಬೇಕೋ ಯಾರಿಗೂ ಗೊತ್ತಿಲ್ಲ, ಕಾಯುವಾಗ ಏನು ಮಾಡುತ್ತೀರಿ ಎಂದು ಈಗಲೇ ಯೋಚಿಸಿ ಎನ್ನುತ್ತೇನೆ. ಹುಡುಗರು ಇದನ್ನು ಬರೆದುಕೊಳ್ಳುವುದಿಲ್ಲ.

ಆದರೆ ನಾನು ಹೇಳಲು ಹೊರಟದ್ದು ಆಸ್ಪತ್ರೆಯಿಂದ ಮನೆಗೆ ಬಂದ ದಾರಿಯ ಮಾತು. ಮೋಟಾರ್‌ಸೈಕಲ್ಲಿನ ಮೇಲೆ ಹಿಂದೆ ಕೂತವಳಿಗೆ ಮುಂದಿನವರ ತುಟಿ ಕಾಣುವುದಿಲ್ಲ, ಹಾಗಾಗಿ ಹಾತಕಣಂಗಲೆಯ ತನಕ ನಾವು ಮಾತಾಡಲಿಲ್ಲ. ಅಲ್ಲಿ ಅಪ್ಪ ರಸ್ತೆ ಬದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಇಳಿದು, ನನ್ನೆದುರು ಬಂದು ನಿಂತರು. ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತಿದ್ದವು.

"ನಾ ಬೊಟ್ಟ ಎತ್ತಿ ಎತ್ತಿ ಹೇಳಾಕತ್ತಿದ್ನಲ್ಲ ಯವ್ವಾ. ಯಾಕ ತಿರುಗಿ ಕುಂತಿ?"

"ಮ್ಯಾಲ ನೀ ಇರಂಗಿಲ್ಲಲ್ಲಪ್ಪಾ."

ಅಪ್ಪನಿಗೆ ಅರ್ಥವಾಗಲು ತಡವಾಗಲಿಲ್ಲ. ತಲೆ ಆಡಿಸಿದರು. ಟ್ರ್ಯಾಕ್ಟರೊಂದು ದಾಟಿದ ಮೇಲೆ ನನ್ನ ಎರಡೂ ಕಿವಿಗಳ ಮೇಲೆ ತಮ್ಮ ಅಂಗೈ ಇಟ್ಟರು. ಎಣ್ಣೆ, ಅರಳೆಯ ವಾಸನೆ ಬಂತು.

"ನಮ್ಮ ಮಗ್ಗಾನ ತಿಂದಾವೇನಿವನ್ನ?"

ಅಲ್ಲ ಎನ್ನಬಹುದಿತ್ತು. ಹುಟ್ಟಿನಿಂದಲೇ ಹೀಗೆ ಎನ್ನಬಹುದಿತ್ತು, ಅವರು ನಂಬುತ್ತಿದ್ದರು. ನಾನು ಹೌದೆಂದು ತಲೆ ಆಡಿಸಿದೆ.

ಅಪ್ಪ ಕೈ ತೆಗೆದರು. ಹೆಗಲ ಮೇಲಿದ್ದ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ನನ್ನನ್ನೇ ನೋಡುತ್ತ, ಏನನ್ನೋ ಹೇಳಿದರು. ಒಂದು ಮಾತಲ್ಲ, ಬಹಳ ಹೊತ್ತು ಹೇಳಿದರು, ಬಟ್ಟೆ ಅಲುಗುತ್ತಿತ್ತು. ಬಾಯಿ ಮುಚ್ಚಿ ಹೇಳಿದ್ದು ನನಗೆ ತಿಳಿಯುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.